ತಿರುವಿಗೊಂದು ಹಾರ್ನ್

ಸ್ಟೀರಿಂಗ್ ಚಕ್ರದ ಹೊದಿಕೆ ಹಿಡಿದು ಹಿಡಿದು ನುಣ್ಣಗಾಗಿತ್ತು. ನಡುವೆ ಹಾರ್ನಿನ ಮೇಲಿದ್ದ ಪುಟ್ಟ ತುತ್ತೂರಿಯ ಚಿತ್ರ ಮಾತ್ರ ನಿನ್ನೆ ಬರೆದಂತಿತ್ತು. ಇಷ್ಟು ಓಡಿದ ಗಾಡಿಯಲ್ಲಿ ಅದೊಂದು ಏಕೆ ಸವೆದಿಲ್ಲ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ನನ್ನ ಸಂಶೋಧನೆಯ ಮೊದಲ ವರ್ಷ ಮುಗಿಯುತ್ತಿತ್ತು. ಇನ್ನೊಂದು ವರ್ಷ ಇರಲು ನನಗೆ ಆಸೆ. ಜಯನಗರದ ಮನೆಯಲ್ಲಿ ಅಪ್ಪ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. "ನೀನೇ ಹೋಗಿ ನೋಡ್ಕೊಂಡ್ ಬಾ, ಒಬ್ಬಳೇ ಇರ್ತಾಳಾ ಅಂತ" ಎಂದು ಅಮ್ಮನನ್ನು ವಿಮಾನ ಹತ್ತಿಸಿದ್ದರು. ಅಮ್ಮ ಬಂದವಳೇ ನನ್ನ ಅಡುಗೆಮನೆ, ಬಾಗಿಲ ಚಿಲಕ, ಪಕ್ಕದ ಮನೆಯವರು ಎಲ್ಲವನ್ನೂ ಪರೀಕ್ಷಿಸಿದಳು. ತೀರ್ಪು ಮಾತ್ರ ಹೇಳಲಿಲ್ಲ. ಬಾಯಿಬಿಟ್ಟು ಕೇಳುವುದು ನನ್ನ ಸ್ವಭಾವವಲ್ಲ. ಅದರ ಬದಲು ಒಂದು ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತಂದು, ಪಕ್ಕದ ಪುಟ್ಟ ದೇಶ ಲೆಸೊಥೊದ ಬೆಟ್ಟಗಳ ಮೇಲೆ ಒಂದು ರಾತ್ರಿ ಇದ್ದು ಬರೋಣ ಎಂದೆ.

"ಡ್ರೈವರ್ ಯಾರು?"

"ನಾನೇ."

"ನೀನಾ? ಫೋರ್ತ್ ಬ್ಲಾಕಿಂದ ಬನಶಂಕರಿಗೆ ಹೋಗೋಕೆ ಆಟೋ ಹುಡುಕ್ತಿದ್ದವಳು!"

ತಪ್ಪಲಿನ ಗಡಿ ಚೌಕಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿತು. ಅಲ್ಲಿಂದ ಮುಂದೆ ಇದ್ದದ್ದು, ಬೆಟ್ಟ ಉರುಳಿಸಿದ ಕಲ್ಲುಗಳ ನಡುವೆ ಗಾಲಿಗಳು ಮಾಡಿಕೊಂಡ ಜಾಗ. ಎಡಕ್ಕೆ ಬಂಡೆ, ಬಲಕ್ಕೆ ಮೋಡ.

ಬನಶಂಕರಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನನ್ನ ತಲೆಗೆ ತುಂಬಿದ್ದು ಎರಡೇ ಪಾಠ. ತಿರುವು ಕಂಡರೆ ಹಾರ್ನ್ ಹೊಡೆಯಬೇಕು. ಏರಿನಲ್ಲಿ ನಿಂತರೆ, ಎಂಜಿನ್ನಿನ ದನಿ ದಪ್ಪಗಾಗುವವರೆಗೆ ಹ್ಯಾಂಡ್‌ಬ್ರೇಕ್ ಬಿಡಬಾರದು. ಎರಡನೆಯದರಲ್ಲಿ ನಾನು ಸದಾ ಎಡವುತ್ತಿದ್ದೆ. ಮೊದಲನೆಯದನ್ನು ಇಲ್ಲಿ ಚಾಚೂ ತಪ್ಪದೆ ಪಾಲಿಸಿದೆ. ಹಾರ್ನಿನ ಸದ್ದು ಎದುರಿನ ಬಂಡೆಗೆ ಬಡಿದು ನಮ್ಮತ್ತಲೇ ಬಂತು.

"ಅಯ್ಯೋ, ಇನ್ನೊಂದ್ ಸಲ ಹೊಡಿಯೇ!"

ಆಮೇಲೆ ಅಮ್ಮನೇ ಕೈ ಚಾಚಿ ಒತ್ತತೊಡಗಿದಳು. ಗಾಡಿ ಕಲ್ಲಿಂದ ಕಲ್ಲಿಗೆ ವಾಲುತ್ತಿತ್ತು, ಬಳೆಗಳು ತಾಳ ಹಾಕುತ್ತಿದ್ದವು, ನಮ್ಮ ತಲೆ ಚಾವಣಿಗೆ ತಾಗುತ್ತಿತ್ತು. ಏನೂ ಕಾರಣವಿಲ್ಲದೆ ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ.

"ಕುಡಿದವರ ಥರ ಆಡ್ತಿದೀವಲ್ಲೇ" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹಾರ್ನ್ ಒತ್ತಿದಳು.

ಎಲ್ಲಕ್ಕಿಂತ ಕಡಿದಾದ ತಿರುವಿನಲ್ಲಿ ಒಂದು ಹಳೆಯ ಜೀಪು ದಾರಿಗೆ ಅಡ್ಡ ನಿಂತಿತ್ತು. ಅದರ ಒಡೆಯ, ನರೆತ ಗಡ್ಡದ ಬಿಳಿಯ ಮುದುಕ, ಹೆಗಲಿಗೆ ದಪ್ಪ ಹಗ್ಗ ಹಾಕಿಕೊಂಡು ನಮ್ಮತ್ತ ಇಳಿದು ಬರುತ್ತಿದ್ದ. ಹಿಂದೆ ಅವನ ಹೆಂಡತಿ, ಗಾಲಿಗೆ ತಡೆ ಕೊಡಲು ಒಂದು ಕಲ್ಲು ಹೊತ್ತುಕೊಂಡು. ನಾನು ಬ್ರೇಕ್ ಒತ್ತಿದೆ. ಏದುಸಿರು ಬಿಡುತ್ತಾ ಕಿಟಕಿಗೆ ಬಗ್ಗಿದ ಅವನು, ಬ್ರೇಕು ಹೋಯಿತೇ ಎಂದು ಕೇಳಿದ. ಬೆಟ್ಟದ ಬುಡದಿಂದಲೂ ನಮ್ಮ ಹಾರ್ನಿನ ಕೂಗು ಅವರಿಗೆ ಕೇಳಿಸುತ್ತಿತ್ತಂತೆ. ಆ ಬೆಟ್ಟದಲ್ಲಿ ಅಷ್ಟೊಂದು ಹಾರ್ನ್ ಹೊಡೆಯುವವರು ಪ್ರಾಣಾಪಾಯದಲ್ಲಿರುವವರು ಮಾತ್ರ.

"ನೋ ನೋ ಅಂಕಲ್, ಓನ್ಲಿ ಟರ್ನಿಂಗ್!" ಎಂದಳು ಅಮ್ಮ. "ಎವೆರಿ ಟರ್ನಿಂಗ್, ಒನ್ ಹಾರ್ನ್!"

ಮುದುಕ ತಲೆಯೆತ್ತಿ ಇನ್ನೂ ಉಳಿದಿದ್ದ ತಿರುವುಗಳನ್ನು ನೋಡಿದ. ಆಮೇಲೆ ಹೆಂಡತಿ ಕೆಳಗಿಟ್ಟ ಕಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಅವರ ಜೀಪು ಮುಂದೆ ಸಾಗಿತು. ನಮ್ಮದು ನಿಂತದ್ದು ಏರಿನಲ್ಲಿ. ಮೊದಲ ಪ್ರಯತ್ನಕ್ಕೆ ಗಾಲಿಗಳು ಜಲ್ಲಿ ಎರಚಿ ಗೇಣುದ್ದ ಹಿಂದಕ್ಕೆ ಜಾರಿದವು. ಅಮ್ಮನ ಕೈ ಹಾರ್ನಿನ ಬಳಿ ಹಾಗೇ ನಿಂತಿತು. 'ಇಳಿದುಬಿಡೋಣ ಕಣೇ' ಎಂದು ಅವಳೀಗ ಹೇಳಿದರೆ ಈ ಬೆಟ್ಟವೂ ಮುಗಿಯಿತು, ನನ್ನ ಇನ್ನೊಂದು ವರ್ಷವೂ ಮುಗಿಯಿತು ಎನಿಸಿತು.

"ಹಿಂದೆ ಯಾರೂ ಇಲ್ಲ, ನಿಧಾನಕ್ಕೆ ಮಾಡು" ಎಂದಳು. "ಬನಶಂಕರೀಲಾಗಿದ್ರೆ ಇಷ್ಟೊತ್ತಿಗೆ ಹಿಂದಿನವನು ನಮ್ಮ ವಂಶಾನೇ ಬೈದು ಮುಗಿಸಿರ್ತಿದ್ದ."

ನಗುತ್ತಲೇ ಕ್ಲಚ್ ಮೇಲಕ್ಕೆ ಬಿಡುತ್ತಾ ಬಂದೆ. ಎಂಜಿನ್ನಿನ ದನಿ ದಪ್ಪಗಾಯಿತು. ಹ್ಯಾಂಡ್‌ಬ್ರೇಕ್ ಬಿಟ್ಟೆ. ನಾಲ್ಕೂ ಗಾಲಿಗಳು ನೆಲ ಕಚ್ಚಿ ಹಿಡಿದವು, ಗಾಡಿ ಹತ್ತಿತು, ನಾವಿಬ್ಬರೂ ಕಿರುಚಿದೆವು. ಏರಿನ ತುದಿಯಲ್ಲಿ ಕಾಯುತ್ತಿದ್ದ ಮುದುಕ ನಮ್ಮನ್ನು ಕಂಡೊಡನೆ ತನ್ನ ಜೀಪಿನ ಹಾರ್ನನ್ನು ಉದ್ದಕ್ಕೆ ಒತ್ತಿ ಹಿಡಿದ.

ಸಂಜೆ ವಸತಿಗೃಹದ ಫೋನಿನಿಂದ ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು: "ಇರ್ತಾಳೆ ರೀ, ಇನ್ನೊಂದ್ ವರ್ಷ ಇರ್ಲಿ ಬಿಡಿ... ಹ್ಞೂಂ, ಅವಳೇ ಓಡ್ಸಿದ್ದು... ಇಲ್ಲ, ಹಾರ್ನ್ ನಾನು."

ಫೋನಿಟ್ಟು, ನನ್ನ ಮುಖ ನೋಡದೆ ಕೇಳಿದಳು: "ಗೇರ್ ಹಾಕೋದು ಕಷ್ಟಾನೇನೇ?"

"ಯಾರಿಗೆ?"

"ಸುಮ್ನೆ ಕೇಳ್ದೆ."

ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಗಾಡಿಯನ್ನು ವಸತಿಗೃಹದ ಹಿಂದಿನ ಸಮತಟ್ಟಾದ ಬಯಲಿಗೆ ತಂದು ನಿಲ್ಲಿಸಿದೆ. ಬಲಗಡೆಯ ಸೀಟನ್ನು ಅಮ್ಮನ ಕಾಲು ಎಟುಕುವಷ್ಟು ಮುಂದಕ್ಕೆ ಎಳೆದೆ. ಆಮೇಲೆ ಬಳಸಿಕೊಂಡು ಬಂದು, ಎಡಗಡೆ ಕೂತು, ಬೆಲ್ಟ್ ಬಿಗಿದುಕೊಂಡೆ.