ಹಿರಿಯೂರಿನ ಆ ರೆಕಾರ್ಡಿಂಗ್ ನನ್ನ ಹತ್ತಿರವೇ ಇತ್ತು

“ಮೇಡಂ, ಹಿರಿಯೂರು ಶೋಗೆ ನೀವು ಹೋಗಿದ್ರಿ ಅಲ್ಲೇನ್ರಿ? ಆ ರೆಕಾರ್ಡಿಂಗ್ ಯಾರತ್ರಾನೂ ಇಲ್ಲಂತೆ. ಇನ್ನೊಂದ್ಸಲ ಹುಡುಕಿ ನೋಡ್ರಿ...”

ಹೋದ ತಿಂಗಳು ಹೊಸದುರ್ಗದ ರುದ್ರೇಶಣ್ಣ ಫೋನ್ ಮಾಡಿ ಹೀಗೆ ಕೇಳಿದರು. ಐದು ವರ್ಷದಿಂದ ಹೇಳುತ್ತಾ ಬಂದಿದ್ದ ಸುಳ್ಳನ್ನೇ ಮತ್ತೆ ಹೇಳಿದೆ. ಆವತ್ತು ಬ್ಯಾಟರಿ ಮುಗಿದುಹೋಗಿತ್ತು ಅಂತ.

ಮುಗಿದಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ‘ಜಾಲಿಮುಳ್ಳು’ ನಮ್ಮ ಚಿತ್ರದುರ್ಗದ ರಾಕ್ ಬ್ಯಾಂಡ್. ಇಲ್ಲಿಯವರೆಗೆ ಒಂದು ಆಲ್ಬಮ್ ಕೂಡ ಬಂದಿಲ್ಲ. ಇರುವುದೆಲ್ಲ ಲೈವ್ ಶೋಗಳು, ಮತ್ತು ಅವನ್ನು ಫೋನಿನಲ್ಲಿ ಹಿಡಿದಿಡುವ ನಮ್ಮಂಥ ಇಪ್ಪತ್ತು ಮೂವತ್ತು ಹುಚ್ಚರು.

ನಮ್ಮಲ್ಲಿ ದುಡ್ಡಿನ ಮಾತಿಲ್ಲ. ನೀನೊಂದು ಶೋ ಕೊಟ್ಟರೆ ನಿನಗೊಂದು ಶೋ.

ಎಲ್ಲದರ ಒಂದೊಂದು ಕಾಪಿ ರುದ್ರೇಶಣ್ಣನ ಬಳಿ ಇರುತ್ತದೆ. ಅವರು ಟೈಲರ್. ಯಾವ ಊರು, ಯಾವ ಹಾಡು ಮೊದಲು, ಯಾರ ಫೋನು, ಎಲ್ಲವನ್ನೂ ಅಳತೆ ಬರೆದುಕೊಳ್ಳುವ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಅವರು ಹೇಳುವುದು ಎರಡೇ ಮಾತು. ರೆಕಾರ್ಡ್ ಮಾಡುವವರು ಬಾಯಿ ಮುಚ್ಚಿಕೊಂಡಿರಬೇಕು, ಆದ ರೆಕಾರ್ಡಿಂಗಿಗೆ ಕತ್ತರಿ ಹಾಕಬಾರದು.

ಮೊದಲನೆಯದರಲ್ಲಿ ನನ್ನಷ್ಟು ಜೋರು ಯಾರೂ ಇರಲಿಲ್ಲ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಗಲಾಟೆ ಅಂದರೆ ನನಗಾಗುವುದಿಲ್ಲ. ಶೋನಲ್ಲಿ ಪಕ್ಕದವರು ಶಿಳ್ಳೆ ಹೊಡೆದರೂ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದೆ.

ಅಂಥವಳು ಹಿರಿಯೂರಿನಲ್ಲಿ ಏನು ಮಾಡಿದ್ದೆ ಗೊತ್ತಾ?

ಹಾಡಿಬಿಟ್ಟಿದ್ದೆ!

ಆವತ್ತು ಬಸ್ಸಿನ ಟೈಮ್ ಹೊಂದದೆ ಮಧ್ಯಾಹ್ನವೇ ಹೋಗಿ ಕೂತಿದ್ದೆ. ಮೈಕ್ ಟೆಸ್ಟ್ ಮಾಡುತ್ತಾ ಅವರು ‘ಕಂಬಳಿ’ ಅನ್ನುವ ಹೊಸ ಹಾಡನ್ನು ನಾಲ್ಕೈದು ಸಲ ಹಾಡಿದರು. ನನಗೆ ಬಾಯಿಪಾಠವೇ ಆಗಿಹೋಯಿತು.

ಸಂಜೆ ಆ ಹಾಡು ಶುರುವಾಗಿದ್ದೇ ತಡ, ಫೋನನ್ನು ಎದೆಗವಚಿಕೊಂಡು ಗಂಟಲು ಹರಿಯುವ ಹಾಗೆ ಹಾಡಿದ್ದೇನೆ. ರೆಕಾರ್ಡ್ ಆಗುತ್ತಿದೆ ಅನ್ನುವ ಪರಿವೆಯೇ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದೆ. ಹಾಡುಗಾರ ತಿಪ್ಪೇಶ ಎಲ್ಲೋ ಆಚೆ ಬೀದಿಯಲ್ಲಿದ್ದಾನೆ. ಕಿವಿಯೊಳಗೇ ಕೂತು ಅರಚುತ್ತಿರುವವಳು ನಾನು. ಶ್ರುತಿ ಅನ್ನುವುದು ಹತ್ತಿರಕ್ಕೂ ಸುಳಿದಿರಲಿಲ್ಲ.

ಮೊದಲ ಚರಣ ಮುಗಿಯುವ ಮುಂಚೆಯೇ ಆಫ್ ಮಾಡಿದೆ. ಮತ್ತೆಂದೂ ಕೇಳಲಿಲ್ಲ, ಯಾರಿಗೂ ಕೊಡಲಿಲ್ಲ... ಅಳಿಸಿ ಹಾಕಲೂ ಮನಸ್ಸು ಬರಲಿಲ್ಲ.

ಈ ಸಲ ಫೋನಿನಲ್ಲಿ ರುದ್ರೇಶಣ್ಣ ಹೇಳಿದ ವಿಷಯ ಬೇರೆಯೇ ಇತ್ತು. ಜಾಲಿಮುಳ್ಳು ಕೊನೆಗೂ ಆಲ್ಬಮ್ ಮಾಡುತ್ತಿದೆ, ‘ಕಂಬಳಿ’ ಇರಲೇಬೇಕು ಅಂತ ತಿಪ್ಪೇಶ ಹಟ ಹಿಡಿದಿದ್ದಾನೆ. ಕುರಿ ಕಾಯುವ ಅವರಪ್ಪನ ಮೇಲೆ ಕಟ್ಟಿದ ಹಾಡದು. ವೇದಿಕೆಯಲ್ಲಿ ಹಾಡಿದ್ದು ಆ ಒಂದೇ ಸಲ. ಸಾಹಿತ್ಯ ಬರೆದಿಟ್ಟಿದ್ದ ಫೋನ್ ಮರುವಾರವೇ ಕಳೆದುಹೋಗಿ, ಈಗ ಎರಡನೇ ಚರಣ ಬ್ಯಾಂಡಿನಲ್ಲಿ ಯಾರಿಗೂ ನೆನಪಿಲ್ಲ.

“ಹೊಸದಾಗಿ ಬರಿಯಾಣ ಅಂತ ಕುಂತ್ರೆ ಅಳು ಬರ್ತೈತೆ ಅಂತಾನ್ರಿ” ಅಂದರು.

ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ. ನನ್ನ ಧ್ವನಿಯನ್ನಷ್ಟೇ ತೆಗೆಯೋಣ ಅಂತ ಏನೇನೋ ಆ್ಯಪ್ ಹಾಕಿ, ಹಾಡಿನ ಶುರುವಿನಲ್ಲೇ ಪ್ರಯತ್ನಿಸಿದೆ. ನಾನು ಹೋದರೆ ನನ್ನ ಜೊತೆ ತಿಪ್ಪೇಶನೂ ಹೋಗಿಬಿಡುತ್ತಿದ್ದ.

ಭಾನುವಾರ ಹೊಸದುರ್ಗದ ಬಸ್ ಹತ್ತಿದೆ.

ರುದ್ರೇಶಣ್ಣ ಯಾರದೋ ಮದುವೆ ಬ್ಲೌಸಿಗೆ ಹುಕ್ ಹೊಲಿಯುತ್ತಿದ್ದರು. “ಬರ್ರಿ ಮೇಡಂ, ಕುಂತ್ಕಳ್ರಿ” ಅಂತ ಸ್ಟೂಲ್ ಸರಿಸಿದರು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. “ಐದು ವರ್ಷ, ಮೇಡಂ... ಇದೊಂದು ಶೋಗೆ ನಾನು ಎಷ್ಟು ಜನರ ಬಾಗ್ಲಿಗೆ ಹೋಗಿ ಬಂದೀನಿ ಗೊತ್ತೇನ್ರಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕೈ ಚಾಚಿ ಫೋನ್ ಇಸಿದುಕೊಂಡರು.

ಸ್ಪೀಕರಿಗೇ ಹಾಕಿದರು ಮಹಾರಾಯರು! ಅಂಗಡಿ ತುಂಬ ನನ್ನ ಅರಚಾಟ. ಬಟ್ಟೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೊದಲ ಚರಣ ಮುಗಿಯಿತು. ಆಮೇಲೆ ಟಪ್ ಅಂತ ಒಂದು ಸದ್ದು. ತಿಪ್ಪೇಶನ ಧ್ವನಿ ನಿಂತೇಹೋಯಿತು.

ಆಗ ನೆನಪಾಯಿತು. ಆವತ್ತು ಅವನ ಮೈಕ್ ಕೈಕೊಟ್ಟಿತ್ತು. ಅವನು ಹಾಡುತ್ತಲೇ ಇದ್ದ, ಕೆಳಗೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಆದರೆ ಫೋನಿನಲ್ಲಿ ಹಾಡು ನಿಂತಿಲ್ಲ. ಗಿಟಾರಿನ ಮೇಲೆ ಒಂದೇ ಒಂದು ಧ್ವನಿ, ಪೂರಾ ಅಪಸ್ವರದಲ್ಲಿ, ಒಂದಕ್ಷರವೂ ಬಿಡದೆ...

‘ಕಂಬಳಿ ಒಂದೈತೆ, ನಾವಿಬ್ರು ಇದೀವಿ
ಅರ್ಧರ್ಧ ಚಳಿಯ ಹಂಚ್ಕಳಾಣ...’

ರುದ್ರೇಶಣ್ಣ ಹಿಂದಕ್ಕೆ ಹಾಕಿ ಇನ್ನೊಮ್ಮೆ ಕೇಳಿದರು. ಮತ್ತೊಮ್ಮೆ ಕೇಳಿದರು.

“ಮೇಡಂ, ಎರಡನೇ ಚರಣ ಪೂರ್ತಿ ಐತ್ರಿ! ನೀವು ಬಾಯಿ ಮುಚ್ಕಂಡಿದ್ರೆ ಇದು ಹೋಗೇಬಿಡ್ತಿತ್ತಲ್ರಿ!”

ನಮ್ಮಿಬ್ಬರ ಕಣ್ಣಲ್ಲೂ ನೀರು. ಆ ಹೆಂಗಸರಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಅಲ್ಲಿಂದಲೇ ತಿಪ್ಪೇಶನಿಗೆ ಫೋನ್ ಮಾಡಿ ಕೇಳಿಸಿದೆವು. “ಅಕ್ಕಾ... ನಮ್ಮಪ್ಪ ಈ ಹಾಡು ಒಂದ್ಸಲನೂ ಕೇಳಿಲ್ಲಕ್ಕಾ. ಇವತ್ತೇ ಕೇಳಿಸ್ತೀನಿ” ಅಂದ.

ಖುಷಿಯಾಯಿತು. ಆದರೆ ನನ್ನ ಮಾನದ ಚಿಂತೆ ಇಲ್ಲದಿದ್ದರೆ ಆ ತಂದೆ ಐದು ವರ್ಷದ ಹಿಂದೆಯೇ ಕೇಳಬಹುದಿತ್ತು.

ಬರುವ ಭಾನುವಾರ ಚಿತ್ರದುರ್ಗದಲ್ಲಿ ಶೋ ಇದೆ. ‘ಕಂಬಳಿ’ ಹಾಡುತ್ತಾರೆ, ತಿಪ್ಪೇಶನ ಅಪ್ಪನೂ ಬರುತ್ತಾರಂತೆ. ರೆಕಾರ್ಡ್ ಮಾಡುವವರು ರುದ್ರೇಶಣ್ಣ, ನನ್ನಿಂದ ಆದಷ್ಟು ದೂರ ನಿಂತು.

ನಾನು ಹಾಡುತ್ತೇನೆ, ಬಾಯಿ ತುಂಬ.

ನಾಚಿಕೆಗೆ ಬಚ್ಚಿಟ್ಟದ್ದು ನಿಮ್ಮ ಫೋನಿನಲ್ಲೂ ಒಂದಿರಬಹುದು, ಯಾರೋ ಅದಕ್ಕಾಗಿಯೇ ಹುಡುಕುತ್ತಿರಲೂಬಹುದು... ಒಮ್ಮೆ ಕೊನೆಯವರೆಗೂ ಕೇಳಿ ನೋಡುತ್ತೀರಾ?