ಪುಟ್ಟಿ ಮುಚ್ಚಿದ ಚೌಕಾಬಾರ

ನಮ್ಮ ಅತ್ತೆಯ ಬಲಗೈ ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ರೊಟ್ಟಿ ತಟ್ಟುವಾಗ, ವಿಭೂತಿ ಇಟ್ಟುಕೊಳ್ಳುವಾಗ ಮಾತ್ರ ಬೆರಳು ಬಿಡಿಸುತ್ತಿದ್ದರು. ಉಳಿದ ಹೊತ್ತೆಲ್ಲ, ನಿದ್ದೆಯಲ್ಲಿ ಕೂಡ, ಒಳಗೆ ಕವಡೆ ಇರುವಂತೆ ಆ ಕೈ ಗುಂಡಗೆ ಮಡಿಚಿರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ವಾತ ಇರಬೇಕೆಂದು ತಿಳಿದು ಎಣ್ಣೆ ಬಿಸಿ ಮಾಡಿ ತಂದಿದ್ದೆ. "ಕೈಗೇನೂ ಆಗಿಲ್ಲ ಬಿಡವ್ವ. ಅದಕ್ಕೆ ಅಭ್ಯಾಸ," ಅಂದರು.

ನನ್ನ ತವರು ಜಗಳೂರು. ಏಳನೇ ಕ್ಲಾಸಿನವರೆಗೆ ಓದಿದ್ದೆ. ಎಮರ್ಜೆನ್ಸಿ ಬಂದ ವರ್ಷ ಚನ್ನಗಿರಿಯಿಂದ ನನ್ನನ್ನು ನೋಡಲು ಬಂದರು. ಅತ್ತೆ ಹಾಡು ಹೇಳು ಅನ್ನಲಿಲ್ಲ, ಅಡುಗೆ ಬರುತ್ತದಾ ಅಂತಲೂ ಕೇಳಲಿಲ್ಲ. ಚಾಪೆಯ ಮೇಲೆ ಮುಂದಕ್ಕೆ ಬಾಗಿ, "ಹಾವು ಏಣಿ ಆಡಾಕೆ ಬರತೈತೇನವ್ವಾ?" ಅಂದರು.

ಬಾಗಿಲ ಹಿಂದೆ ನಮ್ಮವ್ವ ನಕ್ಕಿದ್ದು ಕೇಳಿಸಿತು. ಬರುತ್ತದೆ ಅಂದೆ.

"ಸೋತ್ರೆ ಅಳ್ತೀಯೇನು?"

"ಇಲ್ಲ."

"ಹಂಗಾರೆ ಸರಿ," ಎಂದು ಎದ್ದರು. ನನ್ನ ಮದುವೆ ಗೊತ್ತಾಗಿದ್ದು ಅಷ್ಟರಲ್ಲಿ.

ಚನ್ನಗಿರಿಯ ಮನೆ ಕೋಟೆಯ ಕೆಳಗಿನ ಓಣಿಯಲ್ಲಿತ್ತು. ನಡುಮನೆ, ಅಡುಗೆಮನೆ, ಹಿಂದೆ ಒಂದು ಕೋಣೆ. ನಮ್ಮ ಯಜಮಾನರಿಗೆ ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ನಾವು ಮೂವರೇ, ಆದರೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲಿ ನೋಡಿದರೂ ಆಟದ ಡಬ್ಬಿ. ಹಾವು ಏಣಿಯೇ ನಾಲ್ಕು ತರದ್ದಿತ್ತು. ಲೂಡೋ, ಕುದುರೆ ಓಡಿಸುವ ಆಟ, ಬಣ್ಣದ ಗೋಲಿಗಳ ಚೈನೀಸ್ ಚೆಕ್ಕರ್, ಕಾಗದದ ನೋಟು ಕೊಟ್ಟು ಊರು ಕೊಳ್ಳುವ ವ್ಯಾಪಾರದ ಆಟ, ಹುಲಿ ಕುರಿಯ ಹಲಗೆ, ಎರಡು ಅಳಗುಳಿ ಮಣೆ. ಯಜಮಾನರು ತಿಂಗಳಿಗೊಮ್ಮೆ ಸೈಕಲ್ ಸಾಮಾನು ತರಲು ದಾವಣಗೆರೆಗೆ ಹೋದರೆ ಹೊಸದೊಂದು ಆಟ ತರಲೇಬೇಕಿತ್ತು. "ಅವ್ವಾ, ಇನ್ನು ಮಲಗಾಕೆ ನಾವು ಅಟ್ಟ ಹತ್ತಬೇಕು ನೋಡು," ಎಂದು ಗೊಣಗುತ್ತಿದ್ದರು, ಆದರೂ ತರುತ್ತಿದ್ದರು.

ಅತ್ತೆಗೆ ಓದಲು ಬರುತ್ತಿರಲಿಲ್ಲ. ಮುಚ್ಚಳದ ಚಿತ್ರ ನೋಡಿಯೇ ಯಾವ ಆಟ ಯಾವ ಟ್ರಂಕಿನಲ್ಲಿ, ಎಷ್ಟನೆಯದೆಂದು ಹೇಳುತ್ತಿದ್ದರು. ಹಳೇ ಕುಪ್ಪಸದ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು ಕಾಯಿಗಳನ್ನು ಹಾಕಿ, ಡಬ್ಬಿಗೆ ಸೀರೆಯ ಅಂಚು ಸುತ್ತಿ ಕಟ್ಟುತ್ತಿದ್ದರು. ಆಟ ಮುಗಿದ ಮೇಲೆ ಕಾಯಿ ಎಣಿಸದೆ ಯಾರೂ ಏಳುವಂತಿಲ್ಲ. ಒಂದು ಕಡಿಮೆಯಾದರೆ ಸಿಗುವ ತನಕ ಒಲೆ ಹೊತ್ತುತ್ತಿರಲಿಲ್ಲ. ಹಂಚಿನ ಸಂದಿಯಿಂದ ಬಂದ ಮಳೆ ನೀರು ಟ್ರಂಕಿಗೆ ಇಳಿದರೆ, ಮರುದಿನ ಅಂಗಳದ ತುಂಬ ಹಾವು, ಏಣಿ, ಕುದುರೆಗಳನ್ನು ಬಿಸಿಲಿಗೆ ಹರಡಿ ಕಾವಲು ಕೂರುತ್ತಿದ್ದರು. ಓಣಿಯ ಹೆಂಗಸರು ಮಧ್ಯಾಹ್ನ ಆಡಲು ಬರುತ್ತಿದ್ದರು. ಅತ್ತೆ ಚೆನ್ನಾಗಿ ಆಡುತ್ತಿದ್ದರು, ನಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದ ಮನೆಯಲ್ಲಿ ಮುಟ್ಟಬಾರದ ಒಂದು ಆಟವಿತ್ತು. ನಡುಮನೆಯ ಮೂಲೆಯಲ್ಲಿ ಒಂದು ಬಿದಿರಿನ ಪುಟ್ಟಿ ಬೋರಲು ಬಿದ್ದಿರುತ್ತಿತ್ತು. ಅದರ ಕೆಳಗೆ ಗೆರೆ ಕೊರೆದ ಚೌಕಾಬಾರದ ಮಣೆ. ಮಣೆಯ ಮೇಲೆ ಅರ್ಧಕ್ಕೆ ನಿಂತ ಆಟ. ಒಂದು ಕಡೆಯವರ ಕಾಯಿ ನಾಲ್ಕು ಹಸಿರು ಬಳೆ ಚೂರು, ಇನ್ನೊಂದು ಕಡೆಯವರದು ನಾಲ್ಕು ಹುಣಸೆ ಬೀಜ. ಪಕ್ಕದಲ್ಲಿ ಕವಡೆ. ಎದುರಿಗೆ ಒಂದು ಚಾಪೆ ತುಂಡು. ಆ ಚಾಪೆಯ ಮೇಲೆ ಯಾರಾದರೂ ಗೊತ್ತಿಲ್ಲದೆ ಕೂತರೆ ಅತ್ತೆ, "ಏಳ್ರಿ, ಅಲ್ಲಿ ಜನ ಅದಾರೆ," ಅನ್ನುತ್ತಿದ್ದರು.

ಅದರ ಕತೆ ಹೇಳಿದ್ದು ನಮ್ಮ ಯಜಮಾನರು. ನಾನು ಬರುವುದಕ್ಕೆ ಮೂರು ವರ್ಷ ಮೊದಲು, ಒಂದು ಮಧ್ಯಾಹ್ನ ಅತ್ತೆ ಮತ್ತು ಅವರ ಹಿರಿಮಗ, ಅಂದರೆ ನನ್ನ ಭಾವ, ಚೌಕಾಬಾರ ಆಡುತ್ತಿದ್ದರಂತೆ. ಸರದಿ ಭಾವನದು. ಕವಡೆ ಕೈಯಲ್ಲಿ ಹಿಡಿದವರು ಬಾಗಿಲ ಕಡೆ ತಿರುಗಿ, "ಯಾರೋ ಕೂಗಿದ್ರು," ಅಂದರು. ಅತ್ತೆಗಾಗಲಿ, ಅಲ್ಲೇ ಮಲಗಿದ್ದ ನಮ್ಮ ಯಜಮಾನರಿಗಾಗಲಿ ಏನೂ ಕೇಳಿಸಿರಲಿಲ್ಲ. "ನನ್ನ ಕಾಯಿ ಮುಟ್ಟಬ್ಯಾಡವ್ವಾ, ಬಂದೆ," ಎಂದು ಕವಡೆ ಕೆಳಗಿಟ್ಟು ಎದ್ದು ಹೋದರು. ಅಂಗಿ ಗೂಟದಲ್ಲೇ ಇತ್ತು. ಹೋದವರು ಬರಲಿಲ್ಲ.

ಅತ್ತೆ ಊರೂರು ಹುಡುಕಿದರು. ಹೊನ್ನಾಳಿಯಲ್ಲಿ ಹೊಳೆ ದಂಡೆಯವರನ್ನೆಲ್ಲ ವಿಚಾರಿಸಿದರು. ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದು ಹೋಗುತ್ತಿದ್ದವರ ನಡುವೆ ಅಂಥವನೊಬ್ಬನನ್ನು ಕಂಡೆವೆಂದು ಯಾರೋ ಹೇಳಿದ್ದಕ್ಕೆ ನ್ಯಾಮತಿಗೆ ಓಡಿದರು. ಎಲ್ಲೂ ಸಿಗಲಿಲ್ಲ. ಹುಡುಕಲು ಹೋದ ಊರಿಂದ ಬರಿಗೈಯಲ್ಲಿ ಮನೆಗೆ ಬರುವುದು ಅವರಿಗೆ ಆಗುತ್ತಿರಲಿಲ್ಲ. ಹೊನ್ನಾಳಿಯಿಂದ ಬಂದಾಗ ಕೈಯಲ್ಲಿ ಒಂದು ಹಾವು ಏಣಿಯ ಹಾಳೆ ಇತ್ತು. ನ್ಯಾಮತಿಯಿಂದ ಹುಲಿ ಕುರಿಯ ಹಲಗೆ ತಂದರು. ಆಟಗಳು ಕೂಡತೊಡಗಿದ್ದು ಹಾಗೆ. ಜಗತ್ತಿನ ಯಾವ ಆಟ ಬೇಕಾದರೂ ಆ ಮನೆಗೆ ಬರಬಹುದಿತ್ತು, ಇನ್ನೊಂದು ಚೌಕಾಬಾರ ಮಾತ್ರ ಬರುವಂತಿರಲಿಲ್ಲ. ಪಕ್ಕದ ಮನೆಯ ದರ್ಜಿಯ ಹೆಂಡತಿ ಒಮ್ಮೆ ಪ್ರೀತಿಯಿಂದ ಬಟ್ಟೆಯ ಮೇಲೆ ಚೌಕಾಬಾರ ಹೊಲಿದು ತಂದರು. ಅತ್ತೆ ಅದನ್ನು ಮುಟ್ಟಲಿಲ್ಲ.

"ಒಂದು ಮನೇಲಿ ಎರಡು ಚೌಕಾಬಾರ ಇದ್ರೆ, ಬಂದೋನು ಯಾವುದರ ಮುಂದೆ ಕೂತ್ಕಬೇಕು?" ಅಂದರು.

"ಅಯ್ಯೋ ನಿಮ್ಮ! ನೀವು ಸೊಸೇನ ತರಾಕೆ ಹೋಗಿದ್ರೋ, ಆಡಾಕೆ ಜೊತೆ ತರಾಕೆ ಹೋಗಿದ್ರೋ ಅಂತ ನಾನು ನಗಾಡಿಕೊಂಡಿದ್ದೆ. ಇದು ನಗೋ ಮಾತಲ್ಲ ಬಿಡ್ರಿ," ಎಂದು ಆಕೆ ಬಟ್ಟೆ ಮಡಿಚಿಕೊಂಡು ಹೋದರು.

ಇನ್ನೊಂದು ಅಭ್ಯಾಸವಿತ್ತು. ಯಾರೇ ಕರೆಯಲಿ, ಅತ್ತೆ ಮೂರನೇ ಕೂಗಿಗೆ ಮಾತ್ರ ಓಗೊಡುತ್ತಿದ್ದರು. ನನಗೂ ಹಾಗೇ ಕಲಿಸಿದರು. "ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಅಲ್ಲೀತನಕ ಕಾಯಬೇಕು," ಅನ್ನುತ್ತಿದ್ದರು.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಪುಟ್ಟಿ ಎತ್ತಿ ಮಣೆ ನೋಡಿ ಮತ್ತೆ ಮುಚ್ಚುತ್ತಿದ್ದರು. ನಾನು ಹಿಂದೆ ನಿಂತು ನೋಡುತ್ತಿದ್ದೆ.

ಮೊದಲ ವರ್ಷವೇ ನನ್ನಿಂದ ತಪ್ಪಾಯಿತು. ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಗುಡಿಗೆ ಹೋಗಿದ್ದರು. ಮೂಲೆಯ ಕಸ ತೆಗೆಯೋಣವೆಂದು ಪುಟ್ಟಿ ಎತ್ತಿದೆ. ಜಂತೆಯಿಂದ ಒಂದು ಹಲ್ಲಿ ನನ್ನ ಕೈಯ ಮೇಲೆ ಬಿತ್ತು. ಕೈ ಕೊಡವಿದ ರಭಸಕ್ಕೆ ಮಣೆ ಜರುಗಿ ಎಂಟು ಕಾಯಿಯೂ ಚದುರಿದವು. ದಿನಾ ನೋಡಿದ್ದರಿಂದ ಏಳು ಕಾಯಿಯ ಜಾಗ ನೆನಪಿತ್ತು. ಭಾವನ ಕಡೆಯ ಒಂದು ಹುಣಸೆ ಬೀಜ ಎಲ್ಲಿತ್ತೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಒಂದು ಮನೆಯಲ್ಲಿಟ್ಟು ಪುಟ್ಟಿ ಮುಚ್ಚಿದೆ.

ಸಂಜೆ ಅತ್ತೆ ಪುಟ್ಟಿ ಎತ್ತಿದರು. ಬಹಳ ಹೊತ್ತು ನೋಡಿದರು. ನಾನು ಕಂಬ ಹಿಡಿದು ನಿಂತಿದ್ದೆ.

"ಮೂರು ಮನೆ ಮುಂದೆ ಬಂದೈತೆ," ಅಂದರು. ಆಮೇಲೆ ಕೂತರು. "ಬಂದಿದ್ದ. ಬಂದು ತನ್ನ ಸರದಿ ಆಡಿ ಹೋಗ್ಯಾನೆ."

ಯಜಮಾನರು ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತರು. ಅತ್ತೆ ಕವಡೆ ಎತ್ತಿಕೊಂಡು ಹಾಕಿದರು. ಎರಡು ಬಿತ್ತು. ಒಂದು ಬಳೆ ಚೂರನ್ನು ಎರಡು ಮನೆ ನಡೆಸಿ, "ಇನ್ನು ನಿಂದು," ಎಂದು ಆ ಖಾಲಿ ಚಾಪೆಗೆ ಹೇಳಿದರು. ಅವರು ನಕ್ಕಿದ್ದನ್ನು ನಾನು ಮೊದಲು ಕಂಡಿದ್ದು ಅವತ್ತು. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡರು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಎರಡು ಅಮಾವಾಸ್ಯೆ ಕಳೆದವು. ಮಣೆ ಹಾಗೇ ಇತ್ತು. ಅತ್ತೆ ಊಟ ಕಡಿಮೆ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. "ಅವನಿಗೆ ಏನೋ ಆಗೈತೆ. ಬರಾಕೆ ಆಗ್ತಿಲ್ಲ," ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಮೂರನೇ ಅಮಾವಾಸ್ಯೆಗೆ ನಾನೇ ಒತ್ತಾಯ ಮಾಡಿ ಅವರನ್ನು ಗುಡಿಗೆ ಕಳಿಸಿ, ಪುಟ್ಟಿ ಎತ್ತಿ, ಭಾವನ ಪರವಾಗಿ ಕವಡೆ ಹಾಕಿದೆ. ಸುಮ್ಮನೆ ಕಾಯಿ ಜರುಗಿಸಲು ಮನಸ್ಸು ಒಪ್ಪಲಿಲ್ಲ. ಬಿದ್ದಷ್ಟೇ ನಡೆಸಿದೆ. ಚಾಪೆಯ ಮೇಲೆ ಕೂರುವ ಧೈರ್ಯವಿರಲಿಲ್ಲ. ನಿಂತೇ ಬಗ್ಗಿ ಆಡಿದೆ.

ಹಾಗೆ ತಿಂಗಳಿಗೊಂದು ನಡೆ. ವರ್ಷಗಳು ಹೋದವು. ನನಗಿದ್ದ ಭಯ ಒಂದೇ, ಈ ಆಟ ಮುಗಿದರೆ ಅತ್ತೆ ಏನಾಗುತ್ತಾರೆ ಎಂದು. ಆದರೆ ಹುಣಸೆ ಬೀಜ ಮಣೆಯ ನಡುವಿನ ಮನೆ ಸೇರಿ ಹಣ್ಣಾಗುವ ಹೊತ್ತಿಗೆ ಅತ್ತೆ ಹೇಗಾದರೂ ಅದನ್ನು ಕಡಿದು ಮೊದಲಿನ ಮನೆಗೆ ಕಳಿಸುತ್ತಿದ್ದರು. ತಮ್ಮ ಕಾಯಿ ಹಣ್ಣಾಗುವ ಅವಕಾಶವಿದ್ದರೂ ಬಿಟ್ಟು ಬೇರೆ ಕಾಯಿ ನಡೆಸುತ್ತಿದ್ದರು. "ಮುಗಿಸಾಕೆ ಅವಸರ ಪಡೋರು ಆಟಕ್ಕೆ ಕೂರಬಾರದು," ಅನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬಸುರಿಯಾದೆ. ಏಳು ತಿಂಗಳಿಗೆ ಜಗಳೂರಿಗೆ ಹೋದೆ. ಹೋಗುವ ಮುನ್ನ ಕೊನೆಯ ನಡೆ ಆಡಿ, ಪ್ರತಿ ಕಾಯಿಯ ಜಾಗ ಮನಸ್ಸಿನಲ್ಲಿಟ್ಟುಕೊಂಡೆ. ಬಾಣಂತನದಲ್ಲಿ ಅಮಾವಾಸ್ಯೆಗಳನ್ನು ಎಣಿಸುತ್ತಿದ್ದೆ. ಅತ್ತೆ ಊಟ ಬಿಟ್ಟರೆಂಬ ಸುದ್ದಿ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ.

ಮಗಳನ್ನು ಎತ್ತಿಕೊಂಡು ಮರಳಿದಾಗ ಅತ್ತೆ ಗಟ್ಟಿಯಾಗಿ ಬಾಗಿಲಲ್ಲಿ ನಿಂತಿದ್ದರು. ಮಗುವಿನ ದೃಷ್ಟಿ ತೆಗೆದರು. ಮಧ್ಯಾಹ್ನ ಅವರು ನೀರಿಗೆ ಹೋದಾಗ ಪುಟ್ಟಿ ಎತ್ತಿದೆ. ಹುಣಸೆ ಬೀಜಗಳು ನಾನಿಟ್ಟ ಜಾಗದಲ್ಲಿ ಇರಲಿಲ್ಲ. ನಾಲ್ಕೂ ಮುಂದೆ ಹೋಗಿದ್ದವು, ಒಂದು ಹಣ್ಣಾಗಿತ್ತು. ಎದುರಿನ ಚಾಪೆಯ ನಡುವೆ, ದಿನಾ ಯಾರೋ ಕೂತಂತೆ, ಹುಲ್ಲು ಸವೆದು ತಗ್ಗು ಬಿದ್ದಿತ್ತು.

ಯಜಮಾನರನ್ನು ಕೇಳಿದೆ. "ನೀವೇನಾದ್ರೂ ಆ ಮಣೆ ಮುಟ್ಟಿದ್ರೇನ್ರೀ?"

"ನಾನಾ? ಆ ಮೂಲೆ ಕಡೆ ಕಾಲು ಚಾಚಿ ಮಲಗಾಕೂ ನನಗೆ ಆಗಲ್ಲ ಮಾರಾಯ್ತಿ. ಸುಮ್ನಿರು," ಅಂದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹಾಗಾದರೆ ಅತ್ತೆಯೇ ಎರಡೂ ಕಡೆ ಆಡಿಕೊಂಡಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಅಮಾವಾಸ್ಯೆಯಿಂದ ಮತ್ತೆ ನಾನೇ ಆಡಿದೆ. ಅದೇ ಸಮಾಧಾನದಲ್ಲಿ ಆರೇಳು ವರ್ಷ ಕಳೆದೆ.

ಅತ್ತೆ ಹಾಸಿಗೆ ಹಿಡಿದಾಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಹೊಟ್ಟೆಯಲ್ಲಿ ನೀರು ತುಂಬಿತ್ತು. ದಾವಣಗೆರೆಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಬರುವಾಗಲೂ ಅತ್ತೆ ಆಟದ ಸಾಮಾನಿನ ಅಂಗಡಿಯ ಮುಂದೆ ಜಟಕಾ ನಿಲ್ಲಿಸಿ ಮೊಮ್ಮಗಳಿಗೆ ಹೊಸ ಲೂಡೋ ಕೊಡಿಸಿದರು. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದೆ. ಓಣಿಯಲ್ಲಿ ಸದ್ದಿರಲಿಲ್ಲ.

"ಅವನ ಕಾಯಿ ನೀನು ನಡೆಸ್ತಿದ್ದೆ ಅಂತ ನಂಗೆ ಮೊದಲ ದಿನಾನೇ ಗೊತ್ತಾತು," ಅಂದರು.

ಬಾಚಣಿಗೆ ನಿಂತಿತು.

"ಮಣೆ ಮ್ಯಾಲೆ ಹಲ್ಲಿ ಬಾಲ ಬಿದ್ದಿತ್ತು. ನೀನು ಕಂಬ ಹಿಡ್ಕಂಡು ನಡುಗ್ತಿದ್ದೆ. ಹೊಸ ಹುಡುಗಿ, ತಾಯಿ ಮನೆ ಬಿಟ್ಟು ಬಂದೈತೆ, ಹೆಂಗೆ ಬೈಯೋದು? ಅದಕ್ಕೆ ಅವನು ಬಂದಿದ್ದ ಅಂದೆ. ಅಂದ ಮ್ಯಾಲೆ ನಂಗೂ ಹಂಗೇ ಅನಿಸ್ತು."

ನನಗೆ ಅಳು ಬಂತು. "ತಪ್ಪಾತು ಅತ್ತೆ."

"ಸೋತ್ರೆ ಅಳಲ್ಲ ಅಂದಿದ್ಯಲ್ಲೇ?" ಎಂದು ಮಡಿಚಿದ ಕೈಯಿಂದ ನನ್ನ ಮೊಣಕಾಲು ತಟ್ಟಿದರು. "ಒಂದು ಕೇಳ್ತೀನಿ. ನೀನು ಬಾಣಂತನಕ್ಕೆ ಹೋದಾಗ ಆಡಾಕೆ ಯಾರಿಗೆ ಹೇಳಿ ಹೋಗಿದ್ದೆ? ನಿನ್ನ ಗಂಡ ತಾನಲ್ಲ ಅಂತಾನೆ."

"ಯಾರಿಗೂ ಹೇಳಿರಲಿಲ್ಲ. ಎರಡೂ ಕಡೆ ನೀವೇ ಆಡಿದ್ರಿ ಅಂದ್ಕೊಂಡಿದ್ದೆ."

ಅತ್ತೆ ತಲೆ ಅಲ್ಲಾಡಿಸಿದರು. ಬಾಚಣಿಗೆಯ ಕೆಳಗೆ ಆ ತಲೆ ಅಲ್ಲಾಡಿದ್ದು ಈಗಲೂ ಕೈಗೆ ತಿಳಿಯುತ್ತದೆ.

"ನಾನು ನನ್ನ ಕಾಯಿ ಮಾತ್ರ ನಡೆಸಿದ್ದು," ಅಂದರು.

ಇಬ್ಬರೂ ಮೂಲೆಯ ಕಡೆ ನೋಡಿದೆವು. ಪುಟ್ಟಿ ಇದ್ದ ಹಾಗೇ ಇತ್ತು. ಅವರ ಮುಖದಲ್ಲಿ ಬಹಳ ದಿನದಿಂದ ಕಾಣದ ಬೆಳಕಿತ್ತು. "ಹಂಗಾರೆ ಸರಿ," ಅಂದರು. ಜಗಳೂರಿನಲ್ಲಿ ನನ್ನನ್ನು ಒಪ್ಪಿದಾಗ ಹೇಳಿದ ಅದೇ ಮಾತು.

ಮೂರನೇ ದಿನ, ಅದೇ ಹೊತ್ತು. ನಾನು ಗಂಜಿ ಆರಿಸುತ್ತಿದ್ದೆ. ಮಗಳು ಶಾಲೆಯಲ್ಲಿ, ಯಜಮಾನರು ಅಂಗಡಿಯಲ್ಲಿ. ಅತ್ತೆ ಕಣ್ಣು ತೆರೆದು ಬಾಗಿಲ ಕಡೆ ಕಿವಿ ಕೊಟ್ಟರು. ಎದ್ದು ಕೂರಲಾರದವರು ಮೊಣಕೈ ಊರಿ ಅರ್ಧ ಎದ್ದರು. ಕಾದರು. ಮತ್ತೆ ಕಾದರು. ನನಗೇನೂ ಕೇಳಿಸಲಿಲ್ಲ.

"ಹ್ಞಾ, ಬಂದೆ," ಅಂದರು.

ನಾನು ಹತ್ತಿರ ಹೋಗುವಷ್ಟರಲ್ಲಿ ಹಿಂದಕ್ಕೆ ಒರಗಿದ್ದರು. ಬಲಗೈ ಪೂರ್ತಿ ಬಿಚ್ಚಿಕೊಂಡು ಹಾಸಿಗೆಯ ಮೇಲೆ ಅಂಗಾತ ಬಿದ್ದಿತ್ತು.

ಮಣ್ಣು ಮಾಡಿ ಬಂದ ಮೇಲೆ ಯಜಮಾನರು ಆ ಮಣೆಯನ್ನು ಹೊಳೆಗೆ ಬಿಡೋಣ ಅಂದರು. ನಾನು ಕೊಡಲಿಲ್ಲ. ಪುಟ್ಟಿ ಅಲ್ಲೇ ಇದೆ, ಎರಡೂ ಕಡೆ ಒಂದೊಂದು ಚಾಪೆ ಹಾಕಿದ್ದೇನೆ. ದೀಪ ಹಚ್ಚಿದ ಮೇಲೆ ಎತ್ತಿ ನೋಡುತ್ತೇನೆ. ಯಾವ ಕಾಯಿ ಎಲ್ಲಿತ್ತೆಂದು ಬೇಕೆಂದೇ ನೆನಪಿಟ್ಟುಕೊಳ್ಳುವುದಿಲ್ಲ. ತಪ್ಪು ಮಾಡಿ ನಡುಗುತ್ತಿದ್ದ ಹುಡುಗಿಗೆ ಒಂದು ಮಾತೂ ಅನ್ನದೆ, ಅವಳ ತಪ್ಪಿನ ಎದುರು ಕೂತು ಇಷ್ಟು ವರ್ಷ ಆಟ ಆಡಿದವರಿಗೆ ನಾನು ಮಾಡಬಹುದಾದದ್ದು ಇಷ್ಟೇ.

ದಾವಣಗೆರೆಗೆ ಹೋದಾಗ ಈಗಲೂ ಹೊಸ ಆಟ ತರುತ್ತೇನೆ. ಕಾಯಿ ಎಣಿಸಿ ಚೀಲಕ್ಕೆ ಹಾಕಿ, ಡಬ್ಬಿಗೆ ಅವರ ಸೀರೆಯ ಅಂಚು ಕಟ್ಟುತ್ತೇನೆ. ಮೊನ್ನೆ ಮಗಳು ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುತ್ತಿದ್ದಳು. ಓಡಿ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಯಾಕಮ್ಮ ಎಂದು ಕೇಳಿದಳು.

ಈಗ ಬರುವವರು ಇಬ್ಬರು. ಎಲ್ಲಿ ಕೂರಬೇಕೆಂದು ಅವರಿಗೆ ಗೊಂದಲವಾಗಬಾರದು.