ನಮ್ಮ ಬಾವಿಗೆ ಬಿದ್ದ ಕರಡಿ

ಬಾಣಾವರದ ಆಚೆ, ನಮ್ಮ ತೆಂಗಿನ ತೋಟದ ಹಿಂದಿನ ಕಲ್ಲುಗುಡ್ಡವನ್ನೂ ಕರಡಿಧಾಮಕ್ಕೆ ಸೇರಿಸುತ್ತಾರೆಂಬ ಸುದ್ದಿ ಬಂದಾಗ ನನ್ನ ಮಾವ ಊಟಕ್ಕೆ ಕುಳಿತಿದ್ದರು. ಊಟ ಮುಗಿಸಿ, ಕೈ ತೊಳೆದು, "ಆಗಾಕಿಲ್ಲ" ಎಂದರು. ಸರ್ಕಾರಕ್ಕೆ ಅದು ಕೇಳಿಸಿರಲಾರದೆಂದು ಪಂಚಾಯಿತಿ ಸಭೆಗೂ ಹೋಗಿ ಅದನ್ನೇ ಹೇಳಿದರು.

ಅವರ ಸಿಟ್ಟಿಗೆ ಕಾರಣವಿತ್ತು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಅವರ ತಮ್ಮನ ಮುಖವನ್ನು ಕರಡಿಯೊಂದು ಪರಚಿ, ಎಡಗಣ್ಣು ಹೋಗಿತ್ತು. ಚಿಕ್ಕಮಾವ ನಮ್ಮ ಜೊತೆಯಲ್ಲೇ ಇದ್ದಾರೆ. ಕರಡಿಯ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸಭೆಯಲ್ಲಿ ಗುಡ್ಡ ಸೇರಿಸಬೇಕೆಂದೇ ಮಾತನಾಡಿದೆ. ಮಾವನನ್ನು ನನ್ನ ಸ್ಕೂಟರಿನಲ್ಲೇ ಮನೆಗೆ ಕರೆತಂದೆ. ಬಾಗಿಲಲ್ಲಿ ಇಳಿಯುತ್ತಾ ಅವರು, "ಸೊಸೆ ಅಂತ ಸುಮ್ಕಿದ್ದೆ ಕಣಮ್ಮ" ಎಂದರು. ಅವರು ಸುಮ್ಮನಿದ್ದದ್ದು ಯಾವಾಗ ಎಂದು ನಾನು ಕೇಳಲಿಲ್ಲ.

ಕೆಲವು ವಾರಗಳ ನಂತರ, ಬೆಳಿಗ್ಗೆ ಪಂಪ್ ಹಾಕಲು ಹೋದ ಮಾವ ಬೇಗನೆ ಹಿಂತಿರುಗಿದರು.

"ಬಾವೀಲಿ ಕರಡಿ ಐತೆ. ನಿಮ್ಮ ಫಾರೆಸ್ಟಿನೋರಿಗೆ ಫೋನ್ ಮಾಡು."

ಅರಣ್ಯ ಇಲಾಖೆ ಅಂದಿನಿಂದ ನನ್ನದಾಯಿತು. ಫೋನ್ ಮಾಡಿದೆ.

ನಮ್ಮ ಬಾವಿಗೆ ಕಟ್ಟೆ ಇರಲಿಲ್ಲ. ಕರಡಿ ಕೆಳಗೆ ಗೋಡೆಯ ಕಲ್ಲೊಂದನ್ನು ತಬ್ಬಿಕೊಂಡು, ಮೂತಿಯನ್ನಷ್ಟೇ ನೀರಿನ ಮೇಲಿಟ್ಟು, ಏದುಸಿರು ಬಿಡುತ್ತಿತ್ತು. ಆ ಸದ್ದು ಮೇಲಕ್ಕೂ ಕೇಳುತ್ತಿತ್ತು. ನೋಡಲು ಬಂದವರಲ್ಲಿ ಒಬ್ಬ ಕಲ್ಲೆತ್ತಿಕೊಂಡ. ಮಾವ, "ಕಲ್ಲು ಕೆಳಗೆ ಹಾಕ್ಲಾ, ಇಲ್ಲಾಂದ್ರೆ ನೀನೇ ಕೆಳಗೆ ಹೋಗ್ತೀಯ" ಎಂದರು. ಆತ ಕಲ್ಲನ್ನು ಕಾಲ ಬಳಿಯೇ ಇಟ್ಟ.

ಅಷ್ಟರಲ್ಲಿ ಚಿಕ್ಕಮಾವ ಬಂದರು. ಯಾರೂ ಕರೆದಿರಲಿಲ್ಲ. ಬಾವಿಯ ಅಂಚಿಗೆ ಹೋಗಿ, ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು.

"ಅದಲ್ಲ ಇದು" ಎಂದರು.

"ಅದು ಇನ್ನೂ ಬದುಕಿರ್ತದೇನ್ಲಾ?" ಎಂದರು ಮಾವ.

"ಅದ್ಕೇ ಹೇಳಿದ್ದು. ಸುಸ್ತಾಗೈತೆ. ಬೇಗ ಏನಾರ ಮಾಡ್ರಿ."

ಇಲಾಖೆಯವರು ತಂದ ಏಣಿ ತಳ ಮುಟ್ಟಲಿಲ್ಲ. ಕೊಬ್ಬರಿ ಅಟ್ಟಕ್ಕೆ ಹತ್ತುವ ನಮ್ಮ ಬಿದಿರಿನ ಏಣಿಯನ್ನು ಚಿಕ್ಕಮಾವನೇ ಹೊತ್ತು ತಂದರು. ಎರಡನ್ನೂ ಹಗ್ಗದಿಂದ ಬಿಗಿದು ಇಳಿಬಿಟ್ಟರು. ಅಧಿಕಾರಿ ಜನರನ್ನೆಲ್ಲ ಊರಿಗೆ ಕಳಿಸಿ, "ಯಜಮಾನ್ರೇ, ನೀವೂ ಹೋಗಿ" ಎಂದರು. "ಬಾವಿ ನಂದು ಸ್ವಾಮಿ" ಎಂದರು ಮಾವ. ಕೊನೆಗೆ ನಾವು ಮೂವರೂ ಅಧಿಕಾರಿಯ ಜೊತೆ ಪಂಪ್ ಮನೆಯೊಳಗೆ ಬಾಗಿಲು ಹಾಕಿಕೊಂಡು, ಕಿಟಕಿಯಲ್ಲಿ ನೋಡುತ್ತಾ ನಿಂತೆವು.

ಕರಡಿ ತುಂಬಾ ಹೊತ್ತು ಯೋಚಿಸಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದು, ಮೈ ಕೊಡವಿ, ಯಾರ ಕಡೆಗೂ ನೋಡದೆ ಗುಡ್ಡದ ದಾರಿ ಹಿಡಿಯಿತು. ಚಿಕ್ಕಮಾವ ನನ್ನ ತೋಳು ಹಿಡಿದುಕೊಂಡಿದ್ದರು. ಅದು ಬಂಡೆಗಳ ಹಿಂದೆ ಮರೆಯಾದ ಮೇಲೂ ಬಿಡಲಿಲ್ಲ.

ಮುಂದಿನ ಸಭೆಯಲ್ಲಿ ಮಾವ ಎದ್ದು ನಿಂತರು. "ಗುಡ್ಡ ಸೇರಿಸ್ಕೊಳ್ಳಿ. ಕರಡಿ ಇರೋದೇ ಅಲ್ಲಿ. ಬಾವಿಗಳಿಗೆ ಕಟ್ಟೆ ಕಟ್ಟಿಸಿ. ನಮ್ಮ ಕುರಿ ಎಲ್ಲಿ ಮೇಯ್ಬೇಕು, ಅದನ್ನೂ ಹೇಳಿ."

ಗುಡ್ಡ ಸೇರಿತು. ಕಟ್ಟೆಗಳೂ ಬಂದವು. ಕುರಿಗಳ ವಿಷಯ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಅವು ಕೆರೆಯಂಗಳದಲ್ಲಿ ಮೇಯುತ್ತಿವೆ. ಇಲಾಖೆಯವರು ಗುಡ್ಡದ ಬುಡದಲ್ಲಿ ಕರಡಿಗಳಿಗೆಂದು ಅತ್ತಿ, ನೇರಳೆ ಸಸಿ ನೆಟ್ಟಿದ್ದಾರೆ. ಮಳೆ ತಡವಾದ ವರ್ಷ ಮಾವ ನಮ್ಮ ಪಂಪಿನಿಂದಲೇ ಅವಕ್ಕೆ ನೀರು ಬಿಟ್ಟರು. ಯಾಕೆಂದು ಕೇಳಿದ್ದಕ್ಕೆ, "ಅಲ್ಲೇ ತಿಂದ್ರೆ ಇಲ್ಲಿಗ್ಯಾಕೆ ಬತ್ತದೆ" ಎಂದರು.